ಇಪ್ಪತ್ನಾಲ್ಕು ತಟ್ಟೆಯ ರಾಮ

ವೇಮಗಲ್‌ನ ಕಾರ್ಖಾನೆ ಗೇಟಿನ ಮುಂದೆ ಬೆಳಿಗ್ಗೆ ಕಂಪನಿ ಬಸ್ಸಿನಿಂದ ಇಳಿಯುವ ಹೊತ್ತಿಗೆ ಕೆಲವು ದಿನ ಒಂದು ಹಳೆಯ ಮೊಪೆಡ್ ಎದುರಾಗುತ್ತದೆ. ಅದರ ಹಿಂದಿನ ಸೀಟಿಗೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಕಟ್ಟಿದ ಹಿಪ್ಪುನೇರಳೆ ಸೊಪ್ಪಿನ ಹೊರೆ. ನಮ್ಮ ಕಡೆ ಅದಕ್ಕೆ ರೇಷ್ಮೆ ಸೊಪ್ಪು ಅಂತಲೇ ಹೆಸರು. ಗಾಡಿ ಹಾದುಹೋದ ಮೇಲೂ ಅದರ ವಾಸನೆ ಅರ್ಧ ನಿಮಿಷ ರಸ್ತೆಯ ಮೇಲೇ ನಿಂತಿರುತ್ತದೆ. ಹಸಿ ಸೊಪ್ಪಿನದು, ನೆಂದ ಗೋಣಿಯದು, ಮುರಿದ ತೊಟ್ಟಿನಿಂದ ಒಸರುವ ಬಿಳಿ ಹಾಲಿನದು. ಹಿಂದಿನಿಂದ ಲಾರಿಯೊಂದು ಬಂದು ಹೊಗೆ ಬಿಟ್ಟು ಅದನ್ನು ಅಳಿಸುವ ತನಕ ನಾನು ಅಲ್ಲಾಡುವುದಿಲ್ಲ. ನಿಲ್ಲುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ನನ್ನ ತುಟಿ ತಾನಾಗಿ ಗೊಣಗಲು ಶುರುಮಾಡುತ್ತದೆ. ರಾಮಃ, ರಾಮೌ, ರಾಮಾಃ. ಪ್ಯಾಕಿಂಗ್ ವಿಭಾಗದ ನನ್ನ ಗೆಳತಿ, "ಬೆಳ್‌ಬೆಳಿಗ್ಗೆನೇ ಏನ್ ಜಪ ರತ್ನಮ್ಮ, ಸಂಬಳ ಜಾಸ್ತಿ ಆಗ್ಲಿ ಅಂತಾನಾ?" ಎಂದು ರೇಗಿಸುತ್ತಾಳೆ. ಜಪವೂ ಅಲ್ಲ, ಮಣ್ಣೂ ಅಲ್ಲ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಂಸ್ಕೃತದ ಒಂದು ಪಟ್ಟಿ ಅದು. ರಾಮ ಎಂಬ ಒಂದು ಪದ ಎಂಟು ವಿಭಕ್ತಿಗಳಲ್ಲಿ, ಒಬ್ಬ, ಇಬ್ಬರು, ಹಲವರು ಎಂದು ಮೂರು ಮೂರು ರೂಪವಾಗಿ, ಹೇಗೆ ಹೇಗೆ ಬದಲಾಗುತ್ತದೆ ಎನ್ನುವುದು. ಅದಕ್ಕೂ ರೇಷ್ಮೆ ಸೊಪ್ಪಿಗೂ ಎಲ್ಲಿಯ ನಂಟು ಎಂದು ಹೇಳಿ ಮುಗಿಸಲು ಬಸ್ಸಿಳಿದು ಗೇಟು ದಾಟುವಷ್ಟು ಹೊತ್ತು ಸಾಲದು. ಇಲ್ಲಿ ಹೊತ್ತಿದೆ. ನಿಮಗೂ ಎಲ್ಲೋ ಒಂದು ಕಡೆ ಇಂಥ ಒಂದು ವಾಸನೆ ಕಾದು ಕೂತಿರುತ್ತದೆ, ಆದ್ದರಿಂದ ನೀವು ನಗಲಾರಿರಿ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ಯಲ್ದೂರಿನಿಂದ ಎರಡು ಮೈಲಿ ಒಳಗೆ, ಮಾವಿನ ತೋಪುಗಳ ನಡುವೆ ನಮ್ಮ ಮನೆಯಿತ್ತು. ಮನೆಯ ಹಿಂದೆ ಸೊಪ್ಪಿನ ತೋಟ, ಮನೆಗೂ ತೋಟಕ್ಕೂ ನಡುವೆ ಹುಳದ ಮನೆ. ಹುಳದ ಮನೆಯೆಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ: ಮಣ್ಣಿನ ಗೋಡೆ, ಮಾಲೂರಿನ ಹೆಂಚು, ಕಿಟಕಿಗಳಿಗೆ ನೊಣ ನುಗ್ಗದಂತೆ ಹಸಿರು ಪರದೆ. ಒಳಗೆ ಬಿದಿರಿನ ಮೂರು ಸ್ಟ್ಯಾಂಡುಗಳು, ಒಂದೊಂದಕ್ಕೂ ಎಂಟು ಅಂತಸ್ತು, ಅಂತಸ್ತಿಗೊಂದು ದುಂಡನೆಯ ಬಿದಿರು ತಟ್ಟೆ. ಮೂರೆಂಟ್ಲ ಇಪ್ಪತ್ನಾಲ್ಕು. ಸಗಣಿ ಸಾರಿಸಿ ಬಿಸಿಲಿಗೆ ಒಣಗಿಸಿದ ಆ ತಟ್ಟೆಗಳಲ್ಲಿ ಹುಳುಗಳು ಮೊದಲು ಎಳ್ಳಿನಷ್ಟಿದ್ದು, ಇಪ್ಪತ್ತೈದು ದಿನದೊಳಗೆ ನನ್ನ ಕಿರುಬೆರಳಿಗಿಂತ ದಪ್ಪವಾಗುತ್ತಿದ್ದವು. ಸೊಪ್ಪು ಹಾಕಿ ಬಾಗಿಲೆಳೆದುಕೊಂಡು ಹೊರಗೆ ನಿಂತರೆ, ಒಣಗಿದ ಎಲೆಗಳನ್ನು ಯಾರೋ ಮೆಲ್ಲಗೆ ಗುಡಿಸುತ್ತಿದ್ದಾರೆ ಅನ್ನಿಸುವ ಹಾಗೆ ಅವು ಮೇಯುವ ಸದ್ದು ಕೇಳುತ್ತಿತ್ತು. ಹುಳು ಮನೆಯಲ್ಲಿದ್ದಷ್ಟು ದಿನ ನಮ್ಮೆಲ್ಲರ ಬದುಕು ಅದರದೇ. ಒಗ್ಗರಣೆ ಹಾಕುವ ಹಾಗಿಲ್ಲ, ಘಾಟು ಹುಳಕ್ಕೆ ಆಗದು. ಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಒಣಮೀನು ತರುವ ಹಾಗಿಲ್ಲ, ತಲೆಗೆ ಘಮ್ಮೆನ್ನುವ ಎಣ್ಣೆ ಹಚ್ಚುವ ಹಾಗಿಲ್ಲ. ಹೊರಗಿನವರು ಹೊಸಿಲು ತುಳಿಯುವ ಹಾಗಿಲ್ಲ. ನಾವೇ ಒಳಗೆ ಹೋಗಬೇಕಾದರೂ ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಹೋಗಬೇಕು. ಕೊನೆಯ ವಾರ ಸಪ್ಪೆ ಸಾರು, ಮುದ್ದೆ ನುಂಗಿ ನುಂಗಿ ನನ್ನ ತಮ್ಮ, "ನಾವೂ ಸೊಪ್ಪೇ ತಿನ್ನೋಣ ಬಿಡಿ, ಅದಕ್ಕಾದ್ರೂ ರುಚಿ ಇದ್ದಾತು," ಎನ್ನುತ್ತಿದ್ದ.

ಮನೆಗೆ ಯಜಮಾನ ತಾತ. ಎತ್ತರದ ಆಳು, ಮಾತು ಕಡಿಮೆ, ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡದ್ದು ಯಾರೂ ಕಂಡಿಲ್ಲ. ಅಪ್ಪ ಅವನೆದುರು ತಲೆಯೆತ್ತುತ್ತಿರಲಿಲ್ಲ, ಅಮ್ಮನಂತೂ ಅವನ ನೆರಳು ಕಂಡರೆ ಅಡುಗೆಮನೆಗೆ ಸರಿಯುತ್ತಿದ್ದಳು. ಹುಳದ ಮನೆಗೆ ಮಾತ್ರ ಯಜಮಾನಿ ನನ್ನ ಅಜ್ಜಿ. ಮನೆಯೊಳಗೆ ಅರ್ಧ ತೆಲುಗು ಅರ್ಧ ಕನ್ನಡ ಆಡುವ ನಾವು ಅಜ್ಜಿಯನ್ನು ಅವ್ವ ಎನ್ನುತ್ತೇವೆ. ಅವ್ವ ಗಿಡ್ಡನೆಯ ಹೆಂಗಸು. ಅವಳ ಬೆರಳುಗಳು ಸೊಪ್ಪಿನ ಹಾಲು ಹಿಡಿದೂ ಹಿಡಿದೂ ಕಪ್ಪಾಗಿದ್ದವು, ಎಷ್ಟು ಹುಣಿಸೇಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವಳಿಗೆ ಓದು ಬರೆಹ ಬಾರದು. ಆದರೆ ತಟ್ಟೆಯ ಮೇಲೆ ಅಂಗೈ ಆಡಿಸಿ, ಈ ಹುಳ ನಾಳೆ ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂರುತ್ತದೆ ಎಂದು ಹೇಳಿದರೆ, ಅದು ನಾಳೆಯೇ ಕೂರುತ್ತಿತ್ತು.

ಎಂಟನೇ ಕ್ಲಾಸಿಗೆ ಶ್ರೀನಿವಾಸಪುರದ ಹೈಸ್ಕೂಲಿಗೆ ಸೇರಿಸಲು ತಾತನೇ ನನ್ನನ್ನು ಕರೆದುಕೊಂಡು ಹೋದ. ಅಲ್ಲಿ ಜಗಲಿಯ ಮೇಲೆ ಒಬ್ಬರು ಮೇಷ್ಟ್ರು ಬಲೆ ಹಿಡಿದವರಂತೆ ನಿಂತಿದ್ದರು. ಸಂಸ್ಕೃತದ ವಿಭಾಗಕ್ಕೆ ಮಕ್ಕಳು ಸಾಲದೆ ಅದು ಮುಚ್ಚಿಹೋಗುವ ಹಾಗಿತ್ತು. "ಯಜಮಾನ್ರೇ, ಹುಡ್ಗೀನ ಸಂಸ್ಕೃತಕ್ಕೆ ಹಾಕಿ. ಕಲಿಯೋದು ಸ್ವಲ್ಪ, ಮಾರ್ಕ್ಸು ಸುರೀತದೆ," ಎಂದರು. ಸುರಿಯುವುದು ಎಂದರೆ ಯಾರಿಗೆ ಬೇಡ? ತಾತ ಹೂಂ ಅಂದ. ಆ ಮೇಷ್ಟ್ರ ಹೆಸರು ಮುನಿಶಾಮಪ್ಪ. ಮುಳಬಾಗಿಲು ಕಡೆಯ ಕುರಿ ಕಾಯುವವರ ಮನೆಯ ಹುಡುಗ, ಎರಡು ಹೊತ್ತು ಊಟ ಸಿಗುತ್ತದೆ ಎಂದು ಒಂದು ಪಾಠಶಾಲೆಗೆ ಸೇರಿ, ಊಟದ ಜೊತೆ ಸಂಸ್ಕೃತವೂ ಮೈಗೆ ಹತ್ತಿ ಮೇಷ್ಟ್ರಾದವರು. ಮುನಿಶಾಮಪ್ಪ ಸಂಸ್ಕೃತ ಹೇಳಿಕೊಡೋದು ಅಂದ್ರೇನು ಎಂದು ಊರಲ್ಲಿ ನಗುವವರಿದ್ದರು. ಅವರು ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಅವರ ಸಂಸ್ಕೃತದಲ್ಲೂ ತೆಲುಗಿನ ರಾಗವಿತ್ತು. ಕನ್ನಡದ ಪಿರಿಯಡ್ಡಿನಲ್ಲಿ ನನ್ನ ತೆಲುಗು ನಾಲಿಗೆಗೆ ಪೇಟೆಯ ಹುಡುಗಿಯರು ಕಿಸಕ್ಕೆಂದರೆ ನಾನು ಕುಗ್ಗಿಹೋಗುತ್ತಿದ್ದೆ. ಸಂಸ್ಕೃತದಲ್ಲಿ ಆ ಬಾಧೆಯೇ ಇಲ್ಲ. ಅದು ಯಾರ ಮನೆಯ ಮಾತೂ ಅಲ್ಲ. ಪೇಟೆಯವರೂ ತಡವರಿಸುವವರೇ, ನಾನೂ ತಡವರಿಸುವವಳೇ. ಮೊದಲ ಸಲ ಒಂದು ಕ್ಲಾಸಿನಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಅದೊಂದಕ್ಕೇ ಆ ಭಾಷೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಬಾಯಿಪಾಠ ಮಾಡಲು ಮಾತ್ರ ಹೊತ್ತೆಲ್ಲಿ? ಶಾಲೆಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಹುಳಕ್ಕೆ ಸೊಪ್ಪು ಹಾಕುವುದು ನನ್ನ ಪಾಲಿನ ಕೆಲಸ. ಒಂದು ದಿನ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಸ್ಟ್ಯಾಂಡಿನ ಮುಂದೆ ನಿಂತಾಗ ಹೊಳೆಯಿತು: ವಿಭಕ್ತಿ ಎಂಟು, ಅಂತಸ್ತು ಎಂಟು, ರೂಪ ಮೂರು, ಸ್ಟ್ಯಾಂಡೂ ಮೂರು! ಆವತ್ತಿನಿಂದ ಒಂದೊಂದು ತಟ್ಟೆಗೂ ಒಂದೊಂದು ಹೆಸರು. ಮೇಲಿನ ಸಾಲಿನಲ್ಲಿ ಮೂರು ಹಿಡಿ ಸೊಪ್ಪು, ರಾಮಃ, ರಾಮೌ, ರಾಮಾಃ. ಅದರ ಕೆಳಗೆ ರಾಮಂ, ರಾಮೌ, ರಾಮಾನ್. ಹೀಗೆ ಹೆಸರು ಹೇಳಿಕೊಂಡು ಸೊಪ್ಪು ಹರಡುತ್ತಾ, ಕೊನೆಗೆ ನೆಲದ ಹತ್ತಿರದ ಎಂಟನೆಯ ಸಾಲಿಗೆ ಕುಕ್ಕರುಗಾಲಲ್ಲಿ ಕೂತು, ಹೇ ರಾಮ, ಹೇ ರಾಮೌ, ಹೇ ರಾಮಾಃ. ಮರೆತರೆ ತಟ್ಟೆ ನೋಡಿದರೆ ಸಾಕು, ಹುಳ ತಲೆಯೆತ್ತಿ ನೆನಪಿಸುತ್ತಿತ್ತು. ಅವ್ವ ಪಕ್ಕದಲ್ಲಿ ಹಿಕ್ಕೆ ತೆಗೆಯುತ್ತಿದ್ದವಳು ಮೂರು ದಿನ ಸುಮ್ಮನೆ ಕೇಳಿಸಿಕೊಂಡಳು. ನಾಲ್ಕನೇ ದಿನ ಕೇಳಿದಳು.

"ಏಮೇ ಅದು, ತಟ್ಟೆ ತಟ್ಟೆಗೂ ಏನೋ ಹೇಳ್ಕೊಂಡು ಬರ್ತಿದೀಯ?"

"ಸಂಸ್ಕೃತ ಅವ್ವಾ. ಮೇಷ್ಟ್ರು ಹೇಳ್ಕೊಟ್ಟಿದ್ದು."

"ರಾಮನ ಹೆಸರು ಬಂದಂಗಾಯ್ತು?"

"ಎಲ್ಲಾ ರಾಮಂದೇ."

ಅವ್ವ ಕೈ ಸೆರಗಿಗೆ ಒರೆಸಿಕೊಂಡು ಎದ್ದು ನಿಂತಳು. "ಹಂಗಾದ್ರೆ ಗಟ್ಟಿಯಾಗಿ ಹೇಳೇ ತಾಯಿ. ಮೇಲಿನ ತಟ್ಟೆಗೂ ಕೇಳಿಸ್ಲಿ."

ಅದಕ್ಕೆ ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಹುಳ ಗೂಡು ಕಟ್ಟುವ ಮೊದಲೇ ಮೆತ್ತಗಾಗಿ ಸತ್ತಿದ್ದವು. ಈ ಬೆಳೆ ನೋಡಿ, ಒಂದು ತಟ್ಟೆಯೂ ಕೆಡದೆ ಬಂಗಾರದಂಥ ಗೂಡು ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೆ. ಆದರೆ ಅವ್ವನಿಗೆ ಯಾವ ಅನುಮಾನವೂ ಉಳಿಯಲಿಲ್ಲ. ನಮ್ಮ ರತ್ನನ ಬಾಯಲ್ಲಿ ಹುಳದ ಮಂತ್ರ ಐತೆ ಎಂದು ಮನೆಯಲ್ಲಿ, ತೋಪಿನಲ್ಲಿ, ನೀರಿನ ತೊಟ್ಟಿಯ ಹತ್ತಿರ ಸಾರಿಬಿಟ್ಟಳು. ತಾತ ಕೂಡ ನಾನು ಬುಟ್ಟಿ ಹಿಡಿದು ಹೊರಟರೆ ದಾರಿ ಬಿಡುತ್ತಿದ್ದ. ಹಂಡೆಯ ಮೊದಲ ಬಿಸಿನೀರು ನನಗೆ. ಹಂಚಿನಿಂದ ಇಳಿದ ಮೊದಲ ರಾಗಿರೊಟ್ಟಿ, ಬೆಣ್ಣೆಯ ಸಮೇತ, ನನಗೆ. ತಮ್ಮ, "ಕೋಣನ ಮುಂದೆ ಕಿನ್ನರಿ ಬಾರಿಸೋರ್ನ ಕೇಳಿದ್ದೆ, ಹುಳದ ಮುಂದೆ ಬಾರಿಸೋಳು ನೀನೇ ಕಣೇ," ಎಂದು ಉರಿದುಕೊಂಡ. ಅದು ಮಂತ್ರವಲ್ಲ, ಮಗ್ಗಿಯಂಥ ಪಾಠ ಎಂದು ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುತ್ತಿತ್ತು, ಬಾಯಿ ಮುಚ್ಚಿಕೊಂಡೆ. ನಾನೇನು ಸತ್ಯಹರಿಶ್ಚಂದ್ರನ ವಂಶದವಳಲ್ಲ.

ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನಾಲ್ಕು ತಿಂಗಳು ಮಲಗಬೇಕು, ಆಮೇಲೂ ಭಾರ ಎತ್ತುವ ಹಾಗಿಲ್ಲ ಎಂದರು ಡಾಕ್ಟರು. ಹುಳದ ಮನೆಗೆ ಒಂದು ಜೊತೆ ಕೈ ಕಡಿಮೆಯಾಯಿತು. ಶಾಲೆ ಶುರುವಾಗಲು ಇನ್ನೆರಡು ದಿನ ಇದೆ ಎನ್ನುವಾಗ, ಊಟ ಮುಗಿಸಿ ಕೈ ತೊಳೆಯುತ್ತಾ ತಾತ ಹೇಳಿದ: "ಒಂಬತ್ತು ಆಯ್ತಲ್ಲ, ಸಾಕು. ಹೆಣ್ಮಗು ಓದಿ ಯಾವ ತಾಲೂಕು ಆಳ್ಬೇಕು? ನಾಳೆಯಿಂದ ಅವ್ಳೇ ಹುಳ ನೋಡ್ಕೊಳ್ಲಿ." ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಪ್ಪ ತಟ್ಟೆಯಲ್ಲಿದ್ದ ಕೊನೆಯ ತುತ್ತು ಮುದ್ದೆಯನ್ನು ಉರುಳಿಸುತ್ತಾ ಕೂತ. ನಾನು ಹುಳದ ಮನೆಯ ಹಿಂದೆ ಹೋಗಿ, ಒಗೆದು ಒಣಗಲು ಹಾಕಿದ್ದ ಗೋಣಿತಾಟಿನಲ್ಲಿ ಮುಖ ಹುದುಗಿಸಿ ಅತ್ತೆ. ಪರಪಂಚದಲ್ಲಿ ನನ್ನದು ಎಂದು ನನಗಿದ್ದದ್ದು ಆ ಬೆಂಚಿನ ಮೇಲೆ ನೆಟ್ಟಗೆ ಕೂರುವ ಒಂದು ಜಾಗ, ಅದೂ ಹೋಯಿತು ಎಂದುಕೊಂಡೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ಆ ಕಪ್ಪು ಬೆರಳುಗಳಿಂದ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು.

ಮಾರನೇ ದಿನ ಅವ್ವ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಬರುತ್ತೇನೆ ಎಂದು ಒಂದು ಚೀಲ ಬಾದಾಮಿ ಮಾವಿನಹಣ್ಣು ಹೊತ್ತುಕೊಂಡು ಒಬ್ಬಳೇ ಶ್ರೀನಿವಾಸಪುರದ ಬಸ್ಸು ಹತ್ತಿದಳು. ಹಣ್ಣು ಯಾಕೆ ಎಂದರೆ, ಡಾಕ್ಟರ ಮನೆಯವರು ಕೇಳಿದ್ದರು ಎಂದಳು. ಮಧ್ಯಾಹ್ನ ಬರಿಗೈಯಲ್ಲಿ ಬಂದಳು, ಔಷಧಿಯ ಬಾಟಲೂ ಇಲ್ಲ. ಕಣ್ಣು ಮಾತ್ರ ಕೆಂಪಗಿತ್ತು. ಸಂಜೆ ತಾತ ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುವಾಗ ಎದುರಿಗೆ ಹೋಗಿ ನಿಂತು, ಕೆಳದನಿಯಲ್ಲಿ ಅಂದಳು: "ಹುಡ್ಗೀನ ಸ್ಕೂಲು ಬಿಡ್ಸಿ, ನಂದೇನೈತೆ. ಆದ್ರೆ ಮಂತ್ರ ಇನ್ನೂ ಅರ್ಧದಲ್ಲೈತೆ. ಅರ್ಧಕ್ಕೆ ನಿಂತ ಮಂತ್ರ ತಿರುಗಿ ಬೀಳ್ತದೆ ಅಂತಾರೆ. ನಾಳೆ ಹುಳ ಕೈ ಬಿಡ್ತು ಅಂದ್ರೆ ನನ್ನ ಕೇಳ್ಬೇಡಿ, ಅಷ್ಟೇ."

ತಾತ ಜಗಿಯುವುದನ್ನು ನಿಲ್ಲಿಸಿದ. "ಮತ್ತೆ ಸೊಪ್ಪು ಕೊಯ್ಯೋರ್ಯಾರು, ನಿಮ್ಮಪ್ಪನಾ?"

"ನಾನು ಕೊಯ್ತೀನಿ. ನನ್ನ ಕೈಗೇನ್ ಬಂದಿದೆ ರೋಗ?"

ಹೀಗೆ ನಾನು ಹತ್ತನೇ ಕ್ಲಾಸಿಗೆ ಹೋದೆ. ಅರವತ್ತು ದಾಟಿದ ಅವ್ವ ಬೆಳಕು ಹರಿಯುವ ಮುಂಚೆ ಕುಡುಗೋಲು ಹಿಡಿದು ತೋಟಕ್ಕಿಳಿಯುತ್ತಿದ್ದಳು. ನಾನು ಹಲ್ಲುಜ್ಜುತ್ತಾ ಹಿತ್ತಲಿಗೆ ಬರುವಾಗ ಎರಡು ಹೊರೆ ಆಗಲೇ ಬಂದು ಬಿದ್ದಿರುತ್ತಿದ್ದವು, ಮೇಲೆ ಇಬ್ಬನಿ ಹನಿಹನಿಯಾಗಿ ಕೂತಿರುತ್ತಿತ್ತು. ಎರಡು ವಾರ ಕಳೆದಿರಬೇಕು. ಮಾವಿನ ಕಾಲ. ಶ್ರೀನಿವಾಸಪುರದ ತುಂಬ ತೋತಾಪುರಿ ತುಂಬಿದ ಟ್ರಾಕ್ಟರುಗಳು, ಹುಲ್ಲಿನ ವಾಸನೆ, ಕೊಳೆತ ಹಣ್ಣಿನ ಹುಳಿವಾಸನೆ, ನೊಣ. ಮಂಡಿಗೆ ಕಾಯಿ ಹಾಕಲು ಬಂದಿದ್ದ ತಾತ ನನ್ನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮುನಿಶಾಮಪ್ಪ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಎದುರಿಗೇ ಬಂದರು. ತಾತ ತಡಮಾಡಲಿಲ್ಲ.

"ಮೇಷ್ಟ್ರೇ, ನಮ್ ಹುಡ್ಗೀಗೆ ಅದೇನೋ ಮಂತ್ರ ಹೇಳ್ಕೊಟ್ಟಿದೀರಂತಲ್ಲ. ನಿಜವಾಗ್ಲೂ ಹುಳಕ್ಕೆ ನಾಟ್ತದಾ ಅದು?"

ಮುಗಿಯಿತು ನನ್ನ ಕಥೆ ಎಂದು ಕಣ್ಣು ಮುಚ್ಚಿದೆ. ಮೇಷ್ಟ್ರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ್ದು ಕೇಳಿಸಿತು. "ಹುಳಕ್ಕೆ ನಾಟ್ತದೋ ಇಲ್ವೋ ದೇವ್ರಿಗೇ ಗೊತ್ತು ಯಜಮಾನ್ರೇ, ಹೇಳೋರಿಗಂತೂ ನಾಟ್ತದೆ," ಎಂದರು. "ಆದ್ರೆ ನಿಮ್ಮ ಹುಡ್ಗಿ ಇನ್ನೂ ಶುರುವಿನಲ್ಲೇ ಅವ್ಳೆ. ರಾಮ ಆಯ್ತು, ಹರಿ ಇದೆ, ಗುರು ಇದೆ, ಲತಾ ಇದೆ, ನದಿ ಇದೆ. ಅರ್ಧಕ್ಕೆ ಬಿಡ್ಸೋದು ಒಳ್ಳೇದಲ್ಲ."

"ಎಷ್ಟು ವರ್ಷ ಹಿಡೀತದೆ?"

"ಪಿಯುಸಿ ಮುಗಿಯೋ ತನಕ ಅಂತ ಇಟ್ಕೊಳ್ಳಿ."

ತಾತ ಬೆರಳಲ್ಲಿ ವರ್ಷ ಎಣಿಸಿ ನಿಟ್ಟುಸಿರು ಬಿಟ್ಟ. ನಾನು ಮೇಷ್ಟ್ರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ, ಪ್ಯಾಂಟಿನ ಕಾಲಿಗೆ ಹಾಕಿದ್ದ ಕ್ಲಿಪ್ಪು ಸರಿಮಾಡಿಕೊಂಡು ಹೊರಟುಹೋದರು. ಬುದ್ಧಿವಂತರು, ತಾತನ ಪ್ರಶ್ನೆಯಲ್ಲೇ ಎಲ್ಲ ಅರ್ಥಮಾಡಿಕೊಂಡರು ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ.

ಆ ವರ್ಷದ ಮಳೆಗಾಲದ ಬೆಳೆಯಲ್ಲಿ ಒಂದು ತಟ್ಟೆಗೆ ರೋಗ ಬಿತ್ತು. ಮೂರನೇ ಸ್ಟ್ಯಾಂಡಿನ ಆರನೇ ತಟ್ಟೆ, ರಾಮಾಣಾಂ. ಹುಳ ಮೇವು ಬಿಟ್ಟು, ಮೈ ಮೆತ್ತಗಾಗಿ, ಅಂಚಿಗೆ ಬಂದು ತಲೆ ಇಳಿಬಿಟ್ಟವು. ಬೆಳಿಗ್ಗೆ ಬಾಗಿಲು ತೆರೆದರೆ ಹುಳಿಹಿಡಿದ ವಾಸನೆ. ತಾತ ಹೊಸಿಲ ಮೇಲೆ ನಿಂತು, "ಎಲ್ಲೋಯ್ತು ನಿಮ್ಮ ಮಂತ್ರ?" ಎಂದ. ಅವ್ವ ತಟ್ಟೆಯಿಂದ ತಲೆಯೆತ್ತದೆ ಉತ್ತರ ಕೊಟ್ಟಳು: "ನಿನ್ನೆ ಈ ತಟ್ಟೆ ಹೇಳೋವಾಗ ಹುಡ್ಗಿ ಆಕಳಿಸಿದ್ಳು. ನಾನೇ ನೋಡ್ದೆ." ತಾತ ನನ್ನನ್ನು ದುರುಗುಟ್ಟಿ ನೋಡಿ ಹೋದ. ನಾನು ಆಕಳಿಸಿರಲಿಲ್ಲ! ಎರಡು ದಿನ ಅವ್ವ ಹುಳದ ಮನೆ ಬಿಟ್ಟು ಕದಲಲಿಲ್ಲ. ಕೆಟ್ಟ ತಟ್ಟೆಯನ್ನು ದೂರ ಒಯ್ದು ಹೂತಳು. ಉಳಿದ ಇಪ್ಪತ್ಮೂರರಲ್ಲಿ ಒಂದೊಂದು ಹುಳವನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಸೊರಗಿದ್ದನ್ನು ಕಡ್ಡಿಯಿಂದ ಎತ್ತಿ ಸುಣ್ಣದ ಡಬ್ಬಿಗೆ ಹಾಕಿದಳು. ಹಾಸು ಮೂರು ಸಲ ಬದಲಾಯಿಸಿದಳು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು, ಕೊನೆಗೆ ನೆಲದ ಮೇಲೆ ತೆವಳಿಕೊಂಡೇ ಕೆಳಗಿನ ತಟ್ಟೆಗಳನ್ನು ನೋಡಿದಳು. "ನೀನು ಮಂತ್ರ ಹೇಳ್ತಾ ಇರೇ, ನಿಲ್ಲಿಸ್ಬೇಡ," ಎಂದಳು. ಹೇಳಿದೆ. ಅವಳ ಕೈ, ನನ್ನ ಬಾಯಿ. ಇಪ್ಪತ್ಮೂರು ತಟ್ಟೆಯೂ ಗೂಡು ಕಟ್ಟಿದವು. ಮಂತ್ರದ ಮರ್ಯಾದೆ ಉಳಿಯಿತು ಎಂದು ನಾನು ಸಂತೋಷಪಟ್ಟೆ. ಮಂದಬುದ್ಧಿ ಎನ್ನಿ, ನನಗೆ ಆಗ ಕಂಡದ್ದು ಅಷ್ಟೇ.

ಹತ್ತನೇ ಕ್ಲಾಸಿನಲ್ಲಿ ಸಂಸ್ಕೃತದ ಮಾರ್ಕ್ಸು ಮೇಷ್ಟ್ರು ಹೇಳಿದ ಹಾಗೇ ಸುರಿಯಿತು. ಪಿಯುಸಿ ಆಯಿತು, ಕೋಲಾರದಲ್ಲಿ ಡಿಪ್ಲೊಮಾ ಆಯಿತು. ಈಗ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೇನೆ. ಸಾವಿರಾರು ಬಗೆಯ ಬಿಡಿಭಾಗಗಳು, ರ‍್ಯಾಕು, ರ‍್ಯಾಕಿನಲ್ಲಿ ಸಾಲು, ಸಾಲಿನಲ್ಲಿ ಖಾನೆ. ಹೊಸ ಹುಡುಗರು ಕಂಪ್ಯೂಟರಿನಲ್ಲಿ ಹುಡುಕುವಷ್ಟರಲ್ಲಿ ನಾನು ಕೈಹಾಕಿ ತೆಗೆದುಕೊಟ್ಟಿರುತ್ತೇನೆ. ಎಲ್ಲಿ ಕಲಿತ್ರಿ ಮೇಡಂ ಎಂದರೆ ಏನು ಹೇಳಲಿ? ಹೋದ ವರ್ಷ ನನ್ನ ಮಗಳು ಎಂಟನೇ ಕ್ಲಾಸಿನ ಫಾರಂ ಹಿಡಿದುಕೊಂಡು, "ಅಮ್ಮಾ, ಸಂಸ್ಕೃತ ತಗೊಂಡ್ರೆ ಏನು ಯೂಸು? ನೀನು ಅದ್ರಲ್ಲಿ ಒಂದು ಕಾಗದನಾದ್ರೂ ಬರೆದಿದೀಯಾ?" ಎಂದು ಕೇಳಿದಳು. ಬರೆದಿಲ್ಲ. ಯಾರೊಂದಿಗೂ ಅದರಲ್ಲಿ ಮಾತಾಡಿಲ್ಲ, ತರಕಾರಿ ಕೊಂಡಿಲ್ಲ, ಜಗಳ ಆಡಿಲ್ಲ. ಕಲಿತದ್ದರಲ್ಲಿ ಮುಕ್ಕಾಲು ಮರೆತೂ ಹೋಗಿದೆ. ಆದರೂ ಒಂದು ದೊಡ್ಡ ಗೊಂದಲ ಎದುರಾದಾಗ ಅದನ್ನು ಸಾಲು ಸಾಲಾಗಿ ಬಿಡಿಸಿ, ಒಂದೊಂದರ ಮುಂದೂ ನಿಂತು ಒಂದೊಂದು ಹಿಡಿ ಸೊಪ್ಪು ಹಾಕಿ ಮುಂದೆ ಹೋಗುವ ತಾಳ್ಮೆ ನನಗೆ ಬಂದದ್ದು ಅಲ್ಲಿಂದ. ಮತ್ತೆ, ಇಬ್ಬರಿಗೆಂದೇ ಬೇರೆ ಒಂದು ಸ್ಥಾನವನ್ನು ಇಟ್ಟ ಭಾಷೆ ಅದು. ನಡುವಿನ ಸ್ಟ್ಯಾಂಡಿನ ಆಚೆಗೆ ಅವ್ವ, ಈಚೆಗೆ ನಾನು. ಆ ನಡುವಿನ ರೂಪ ಬಂದಾಗಲೆಲ್ಲ ನನಗೆ ನಾವಿಬ್ಬರೇ ನೆನಪಾಗುತ್ತೇವೆ. ಇದನ್ನೆಲ್ಲ ಫಾರಂ ಹಿಡಿದು ನಿಂತ ಮಗುವಿಗೆ ಹೇಗೆ ಹೇಳುವುದು? ನಿನಗೆ ಬೇಕಾದ್ದು ತಗೋ ಎಂದೆ.

ತಾತ ಹೋದ. ಹುಳ ಸಾಕುವುದು ನಿಂತಿತು. ತಮ್ಮ ಸೊಪ್ಪಿನ ತೋಟ ಕಿತ್ತು ಕ್ಯಾಪ್ಸಿಕಂ ಹಾಕಿದ. ಸ್ಟ್ಯಾಂಡುಗಳು ಸ್ವಲ್ಪ ದಿನ ಟೊಮೆಟೊ ಗಿಡಕ್ಕೆ ಆಸರೆಯಾಗಿ, ಆಮೇಲೆ ಒಲೆ ಸೇರಿದವು. ಅವ್ವ ಕೊನೆಯ ವರ್ಷ ಮಂಚ ಹಿಡಿದಾಗ ಎಳೆಮಗುವನ್ನು ಎತ್ತಿಕೊಂಡು ನೋಡಲು ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟು ವರ್ಷ ಎದೆಯಲ್ಲಿ ಕೂತಿದ್ದ ಮಾತು ತಡೆಯಲಾಗಲಿಲ್ಲ. "ಅವ್ವಾ, ನಿಂಗೊಂದು ಸುಳ್ಳು ಹೇಳಿದೀನಿ," ಎಂದೆ. "ಅದು ಮಂತ್ರ ಅಲ್ಲವ್ವಾ. ಮಗ್ಗಿ ಇದ್ದಂಗೆ, ಬರೀ ಪಾಠ. ನಿಂಗೆ ಮೋಸ ಮಾಡ್ದೆ." ಅವ್ವ ನಿಧಾನವಾಗಿ ಕಣ್ಣು ತೆರೆದು, ಬೊಚ್ಚುಬಾಯಿಗೆ ಬೆರಳಿಟ್ಟು, "ಶ್, ಮೆಲ್ಲಗೆ ಮಾತಾಡೇ. ಹುಳ ಕೇಳಿಸ್ಕೊಂಡಾವು," ಎಂದಳು. ಆ ಮನೆಯಲ್ಲಿ ಆಗ ಹುಳ ಇಲ್ಲದೆ ಆರು ವರ್ಷವಾಗಿತ್ತು. ಪಾಪ, ಅರಳುಮರಳು ಎಂದುಕೊಂಡು ಅವಳ ಕಪ್ಪು ಬೆರಳು ಹಿಡಿದು ಕೂತೆ. ಅವಳು ನಗುತ್ತಿದ್ದಳು. ಅದಾದ ತಿಂಗಳಿಗೆ ಹೋಗಿಬಿಟ್ಟಳು.

ಮೊನ್ನೆ ವೈಶಾಖದಲ್ಲಿ ಮುಳಬಾಗಿಲಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಮುಂದೆ ಕೂತಿದ್ದ ಮುದುಕರು ಪಾಯಸ ಬಡಿಸುವವನಿಗೆ ಹೇಳಿದ ಒಂದು ಮಾತಿನ ರಾಗ ಕೇಳಿಯೇ ತಿರುಗಿ ನೋಡಿದೆ. ಮುನಿಶಾಮಪ್ಪ ಮೇಷ್ಟ್ರು! ಹೆಸರು ಹೇಳಿದ ತಕ್ಷಣ ಅವರು ಕೇಳಿದ್ದು, "ಯಲ್ದೂರಿನ ರೇಷ್ಮೆ ಹುಳದ ರತ್ನಾನಾ? ನಿಮ್ಮಜ್ಜಿ ಇದಾರಾ?" ಎಂದು. ನಮ್ಮವ್ವ ನಿಮಗೆ ಹೇಗೆ ಗೊತ್ತು ಸಾರ್ ಎಂದೆ. ಅವರು ಎಲೆಯಿಂದ ಕೈ ತೆಗೆದು ನನ್ನನ್ನೇ ನೋಡಿದರು.

"ಅಯ್ಯೋ, ಹೇಳ್ಲಿಲ್ವಾ ಅವ್ರು? ನೀನು ಹತ್ತನೇ ಕ್ಲಾಸಿಗೆ ಬರೋ ಮುಂಚೆ ಒಂದು ಚೀಲ ಮಾವಿನಹಣ್ಣು ಹೊತ್ಕೊಂಡು ಸ್ಕೂಲಿಗೆ ಬಂದಿದ್ರು ಕಣಮ್ಮ. ಜಗಲಿ ಮೇಲೆ ಕೂತ್ಕೊಂಡು, ಸ್ವಾಮಿ, ಈ ಮಂತ್ರ ಅರ್ಧಕ್ಕೆ ಬಿಟ್ರೆ ಹುಡ್ಗೀಗೆ ಏನಾದ್ರೂ ದೋಷ ತಟ್ತದಾ ಅಂತ ಕೇಳಿದ್ರು. ನಾನು ದಡ್ಡ, ಇದ್ದದ್ದು ಇದ್ದಂಗೆ ಹೇಳ್ಬಿಟ್ಟೆ. ಮಂತ್ರ ಅಲ್ಲಮ್ಮ, ಮಗ್ಗಿ ಇದ್ದಂಗೆ ಅಂದೆ. ಕಣ್ಣಲ್ಲಿ ನೀರು ಬಂತು ಪಾಪ. ಆಮೇಲೆ ಸೆರಗಲ್ಲಿ ಮುಖ ಒರೆಸ್ಕೊಂಡು, ಈ ಮಗ್ಗಿ ಯಾವಾಗ ಮುಗೀತದೆ ಅಂದ್ರು. ಮುಗಿಯೋದಿಲ್ಲಮ್ಮ, ಒಂದಾದ್ಮೇಲೆ ಒಂದು ಇದ್ದೇ ಇರ್ತದೆ ಅಂದೆ. ಹಂಗಾದ್ರೆ ಮುಗಿಸ್ಬೇಡಿ ಸ್ವಾಮಿ, ನಮ್ಮನೇಲಿ ಅದು ಮಂತ್ರಾನೇ, ಯಾರು ಕೇಳಿದ್ರೂ ಮುಗಿಸ್ಬೇಡಿ ಅಂತ ಕೈ ಮುಗಿದು ಹೋದ್ರು."

ಎಲೆಯ ಮೇಲಿನ ಅನ್ನ ನನಗೆ ಕಾಣಿಸಲಿಲ್ಲ. ಎರಡು ವರ್ಷ ನಂಬಿದ್ದ ಮಂತ್ರವನ್ನು ಅವ್ವ ಆ ಜಗಲಿಯ ಮೇಲೆ ಕಳೆದುಕೊಂಡಳು. ಅದೇ ದಿನ ಸಂಜೆ, ಮಂತ್ರವೇ ಇಲ್ಲವೆಂದು ಗೊತ್ತಿದ್ದೂ, ಅದನ್ನೇ ಹಿಡಿದು ತಾತನ ಎದುರು ನಿಂತಳು. ಆಮೇಲಿನ ಪ್ರತಿಯೊಂದು ಬೆಳೆಯನ್ನೂ ಉಳಿಸಿದ್ದು ರಾಮನಲ್ಲ. ಬೆಳೆ ಕೆಟ್ಟರೆ ಹುಡುಗಿಯ ಶಾಲೆ ಹೋಗುತ್ತದೆ ಎಂದು ಗೊತ್ತಿದ್ದ ಆ ಎರಡು ಕಪ್ಪು ಕೈಗಳು. ನೆಲದ ಮೇಲೆ ತೆವಳಿಕೊಂಡು ಹುಳ ಆರಿಸಿದವಳು ನನ್ನ ಪುಸ್ತಕ ಆರಿಸಿಕೊಡುತ್ತಿದ್ದಳು, ನಾನು ಬಾಯಿಗೆ ಬಂದದ್ದು ಒದರುತ್ತಾ ನಿಂತಿದ್ದೆ. ಇಷ್ಟಾಗಿ ಮೋಸ ಮಾಡಿದೆ ಎಂದು ಅವಳಿಗೇ ಹೇಳಿ, ಅವಳು ನಕ್ಕರೆ ಅರಳುಮರಳು ಎಂದುಕೊಂಡೆನಲ್ಲ, ಎಂಥ ಪೆದ್ದಿ ನಾನು.

ಮುಂದಿನ ಭಾನುವಾರವೇ ಊರಿಗೆ ಹೋದೆ. ಹುಳದ ಮನೆಯಿದ್ದ ಜಾಗದಲ್ಲಿ ತಮ್ಮನ ಟೆಂಪೋ ನಿಲ್ಲುವ ತಗಡಿನ ಶೆಡ್ಡು. ಟೆಂಪೋ ಬಾಡಿಗೆಗೆ ಹೋಗಿತ್ತು, ಸಿಮೆಂಟಿನ ನೆಲ ಖಾಲಿ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಸ್ಟ್ಯಾಂಡುಗಳು ಎಲ್ಲಿದ್ದವೆಂದು ಕಾಲಿಗೆ ಗೊತ್ತಿತ್ತು. ಕೈ ಮೇಲೆತ್ತಿ ಶುರುಮಾಡಿದೆ. ರಾಮಃ, ರಾಮೌ, ರಾಮಾಃ. ಒಂದೊಂದು ಸಾಲಿಗೂ ಒಂದೊಂದು ಸಲ ಕೈ ಕೆಳಗಿಳಿಯಿತು, ಗಟ್ಟಿಯಾಗಿಯೇ ಹೇಳಿದೆ, ಮೇಲಿನ ತಟ್ಟೆಗೂ ಕೇಳಿಸುವ ಹಾಗೆ. ಏಳನೆಯ ಸಾಲು ಮುಗಿದು, ಎಂಟನೆಯದಕ್ಕೆ ಹಿಂದಿನಂತೆ ಕುಕ್ಕರುಗಾಲಲ್ಲಿ ಕೂತೆ. ಅದು ಕರೆಯುವ ಸಾಲು, ಹೇ ಎಂದು ಶುರುವಾಗುವುದು. ಬಾಯಿ ತೆರೆದವಳು ಹಾಗೇ ನಿಲ್ಲಿಸಿದೆ. ಮುಗಿಸಬೇಡಿ ಎಂದಿದ್ದಳಲ್ಲ ಅವ್ವ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಆ ಒಂದು ಸಾಲನ್ನು ಅಲ್ಲೇ ಬಿಟ್ಟು ಎದ್ದು ಬಂದೆ.